ಮೊದಲು ಯಾರು ಉಣ್ಣಬೇಕು

ಅವತ್ತು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ಸುಭದ್ರೆಯ ಬಲಗೈ ಹಿಟ್ಟಿನ ಮೇಲೇ ನಿಂತುಬಿಟ್ಟಿತು. ಬಾಯಿ ವಾರೆಯಾಯಿತು. ಟಾಂಗಾ ಹಿಡಿದು ಆಸ್ಪತ್ರೆಗೆ ಓಡಿದೆ.

ಪ್ಯಾರಾಲಿಸಿಸ್.

ನನ್ನ ರೈಲ್ವೆ ನೌಕರಿಗೆಂದು ಧಾರವಾಡದಿಂದ ಪುಣೆಗೆ ಬಂದಾಗಿನಿಂದ ನಮ್ಮ ವಠಾರದಂಥ ವಾಡೆಯಲ್ಲಿ ಇವಳ ಮಾತಿಗೆ ಎದುರಿರಲಿಲ್ಲ. ಕನ್ನಡದಲ್ಲೂ ಜೋರು, ಮರಾಠಿಯಲ್ಲೂ ಜೋರು. ಈಗ ಪದಗಳು ಬರುತ್ತಿದ್ದವು. ವಾಕ್ಯ ಬರುತ್ತಿರಲಿಲ್ಲ.

"ನೀವು... ಅನ್ನ... ನಾ... ಮೊದಲ..." ಎನ್ನುವಳು. ನಾನು ತುತ್ತು ಕಲಸಿ ಅವಳ ಬಾಯಿಗಿಟ್ಟರೆ ಕೈ ತಳ್ಳಿ ಅಳುವಳು. ಅರ್ಥವೆಲ್ಲ ಪದದೊಳಗೇ ಇರುತ್ತದೆಂದು ಇಷ್ಟು ವರ್ಷ ತಿಳಿದಿದ್ದೆ. ಪದಗಳೆಲ್ಲ ಕೈಗೆ ಸಿಕ್ಕರೂ, ಯಾವುದು ಯಾವುದಕ್ಕೆ ಸೇರಿದ್ದೆಂದು ಗೊತ್ತಾಗದಿದ್ದರೆ ಏನೂ ಸಿಕ್ಕಂತಲ್ಲ. ಇನ್ನು ಇವಳ ಮನಸ್ಸು ನನಗೆ ತಿಳಿಯುವುದೇ ಇಲ್ಲವೇನೋ ಎಂದು ಹೆದರಿದೆ.

ಆಸ್ಪತ್ರೆಯ ಪಾರ್ಸಿ ಡಾಕ್ಟರರು ನನ್ನನ್ನು ತೋರಿಸಿ, ಇವರ ಹೆಸರೇನೆಂದು ಮರಾಠಿಯಲ್ಲಿ ಕೇಳಿದರು. ಅವಳು ತಲೆ ತಗ್ಗಿಸಿದಳು.

"ಗಂಡನ ಹೆಸರೂ ಮರೆತಿದ್ದಾರೆ. ಹೆಚ್ಚು ಆಸೆ ಬೇಡ," ಎಂದರು.

ಸಂಕ್ರಾಂತಿಗೆ ನೆರೆಮನೆಯ ಕಮಲಾಬಾಯಿ ಅರಿಶಿನ-ಕುಂಕುಮಕ್ಕೆ ನಾಲ್ಕು ಹೆಂಗಸರನ್ನು ನಮ್ಮಲ್ಲಿಗೇ ಕರೆತಂದರು. ಒಬ್ಬೊಬ್ಬರೂ ಪದ್ಯದೊಳಗೆ ಸೇರಿಸಿ ಗಂಡನ ಹೆಸರು ಹೇಳಿದರು. ನಮ್ಮ ಕಡೆ ಇದಕ್ಕೆ ಒಡಪು ಎನ್ನುತ್ತಾರೆ. ಸುಭದ್ರೆಯ ಸರದಿ ಬಂತು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ಬೆಳ್ಳಿ ಬಟ್ಟಲದಾಗ ಸಕ್ಕರಿ ಹಾಲು, ಶೇಷಗಿರಿರಾಯರ ಮನ್ಯಾಗ ನಂದೊಂದು ಪಾಲು!"

ಇಡಿಯಾಗಿ ಬಂತು.

ನಮ್ಮ ಮದುವೆಯಲ್ಲಿ ಹೇಳಿದ ಒಡಪದು. ಗಂಡನ ಹೆಸರನ್ನು ಬರಿದೇ ಹೇಳುವವಳಲ್ಲ ಇವಳು; ಅದಕ್ಕೇ ಅವತ್ತು ತಲೆ ತಗ್ಗಿಸಿದ್ದು, ಮರೆತಿರಲಿಲ್ಲ! ಡಾಕ್ಟರರಿಗೆ ಹೊಳೆಯದಿದ್ದರೆ ಹೋಗಲಿ, ಗಂಡನೆನ್ನಿಸಿಕೊಂಡ ನನಗೂ ಹೊಳೆಯಲಿಲ್ಲವಲ್ಲ.

ಮರುದಿನದಿಂದ ಜಗುಲಿಯಲ್ಲಿ ಕುಳಿತು ಅದೇ ಒಡಪು. ಸಾಲಿನಲ್ಲಿ ಹಾಲು ತೆಗೆದು ಮೊಸರು ಇಡುವೆವು, ನನ್ನ ಮನೆ ತೆಗೆದು ಅವಳ ತವರು ಇಡುವೆವು. ಸಾಲಿನ ಅಚ್ಚು ಅವಳ ನಾಲಿಗೆಯಲ್ಲಿ ಗಟ್ಟಿಯಾಗಿತ್ತು, ಹೊಸ ಪದ ಅದರಲ್ಲಿ ನಿಧಾನವಾಗಿ ಕೂರುತ್ತಿತ್ತು. ಒಮ್ಮೆ ಬೆಳ್ಳಿ ಬಟ್ಟಲಿಗೆ ಬದನೆಕಾಯಿ ಬಂತು. ಇಬ್ಬರೂ ನಕ್ಕು ಸುಸ್ತಾದೆವು. ಅಷ್ಟು ನಕ್ಕು ತಿಂಗಳುಗಳಾಗಿದ್ದವು.

ಹೋದ ವಾರ ಎಂದಿನಂತೆ ತುತ್ತು ಕಲಸಿದೆ. ಅವಳು ಎಡಗೈಯಿಂದ ತಾಟನ್ನು ನನ್ನ ಕಡೆ ಸರಿಸಿದಳು.

"ಮೊದಲ... ನೀವು ಉಣ್ರಿ. ಆಮ್ಯಾಗ... ನಾ ಉಣ್ತೀನಿ. ಅನ್ನ ಆರ್ತದ."

ಒಡಪಿಲ್ಲ, ಪ್ರಾಸವಿಲ್ಲ. ಅವೇ ಹಳೆಯ ಪದಗಳು, ತಮ್ಮ ತಮ್ಮ ಜಾಗದಲ್ಲಿ. ಇಷ್ಟು ದಿನ ಅವಳು ಅತ್ತದ್ದು ನಾನು ಹಸಿದಿದ್ದೇನೆಂದು.

ಬಲಗೈ ಇನ್ನೂ ಎದ್ದಿಲ್ಲ. ಏಳಬಹುದು, ಏಳದೆಯೂ ಇರಬಹುದು. ನಾನು ಹೊಟ್ಟೆ ತುಂಬ ಉಂಡೆ. ಆಮೇಲೆ ಅವಳಿಗೆ ಉಣಿಸಿದೆ.