ಮೇಲಿನ ಫೋಲ್ಡರಿಗೆ ಕೊಟ್ಟ ಪರ್ಮಿಷನ್

ನನ್ನ ಕಣ್ಣಾಣೆ, ಇದು ಖರೇನೇ ನಡೆದದ್ದು. ಓದಿದ್ದು ನಾಕನೇ ಕ್ಲಾಸು, ಆದ್ರೂ ದಾವಣಗೆರೇಲಿ ನಾನು ರಿಪೇರಿಗೆ ಕೈಯಾಡಿಸದ ಆಫೀಸ್ ಕಂಪ್ಯೂಟರ್ ಇಲ್ಲ. ಹರಿಹರದ ಒಂದು ಅಕ್ಕಿ ಮಿಲ್ಲಿನಾಗೆ, ತೂಕ ನೋಡೋ ಹನುಮಂತಪ್ಪಗೆ ಲಾರಿ ಲಿಸ್ಟಿನ ಫೋಲ್ಡರ್ ತೆರೀತಿರ್ಲಿಲ್ಲ. ಒಳಗೆ ಹುಡುಕ್ತಾ ಕೂರೋನು ನಾನಲ್ಲ, ಎಲ್ಲಾದ್ರ ಮೇಲಿನ ಫೋಲ್ಡರಿಗೇ ಅವನ ಹೆಸರು ಹಾಕಿ ಪರ್ಮಿಷನ್ ಕೊಟ್ಟೆ.

ನಾನು ಚಾ ಕುಡಿಯೋದ್ರೊಳಗೆ ಅವನು ಮಿಲ್ಲಿನ ಸಾವ್ಕಾರ್ರ ಮುಂದೆ ಬಂದು ನಿಂತ.

"ನನ್ನಂಗೇ ತೂಕ ನೋಡೋ ನಿಮ್ಮ ಅಳಿಯಗೆ ನನ್ನ ಡಬ್ಬಲ್ ಪಗಾರ ಐತಲ್ರಿ, ಯಾಕ?"

ಮೇಲೆ ಕೊಟ್ಟ ಪರ್ಮಿಷನ್ ಒಳಗಿನ ಪಗಾರದ ಫೋಲ್ಡರಿಗೂ ಇಳಿದುಬಿಟ್ಟಿತ್ತು!

ಸಾವ್ಕಾರ್ರು ಬೆವರು ಒರೆಸ್ಕೊಂಡು ಅಲ್ಲೇ ಅವನ ಪಗಾರ ಹೆಚ್ಚು ಮಾಡಿದ್ರು. ನಾನು ನನ್ನ ಕೂಲಿ ಕೇಳಿದೆ.

"ಯಜಮಾನ್ರೆ, ಅವನ ಈ ತಿಂಗಳ ಹೆಚ್ಚಿನ ದುಡ್ಡು ನಿಮ್ಮ ಕೂಲೀಲಿ ನೀವೇ ಕೊಟ್ಟಂಗಾತು, ಹೋಗ್ ಬರ್ರಿ" ಅಂದ್ರು ಸಾವ್ಕಾರ್ರು.

ಹೋತು ನನ್ನ ಸಾವಿರದ ಎಂಟುನೂರ ಐವತ್ತು ರೂಪಾಯಿ.