ಕೊರಿಯನ್ ಆಂಟಿಯ ಶ್ಯಾವಿಗೆ

ಇವತ್ತು ರೂವಿ ಪೇಟೆಯ ಅಂಗಡಿಯಿಂದ ತಂದ ಕೊರಿಯಾದ ಗೋಧಿ ಶ್ಯಾವಿಗೆ ಬೇಯಿಸುವಾಗ ಹಳೆಯ ಸಿಟ್ಟು ಮತ್ತೆ ಉಕ್ಕಿತು.

ನನ್ನ ಬಾಲ್ಯದಲ್ಲಿ ನಾವು ಇದೇ ಗಲ್ಫ್ ದೇಶದ ಸೊಹಾರ್‌ನಲ್ಲಿದ್ದೆವು. ತಮ್ಮ ಹುಟ್ಟಿ ಅಮ್ಮ ಆಸ್ಪತ್ರೆಯಲ್ಲಿದ್ದಾಗ ನನ್ನನ್ನು ನೋಡಿಕೊಂಡವರು ಪಕ್ಕದ ಮನೆಯ ಕೊರಿಯನ್ ಆಂಟಿ. ನಮ್ಮ ಅಡುಗೆಮನೆಯಲ್ಲೇ ನೂಲಿನಂಥ ಶ್ಯಾವಿಗೆ ಬೇಯಿಸಿ, ತಣ್ಣೀರಿನಲ್ಲಿ ಉಜ್ಜಿ ತೊಳೆದು, ಪುಟ್ಟ ಒಣಮೀನಿನ ಬಿಸಿ ಸಾರು ಹೊಯ್ದು ಕೊಡುತ್ತಿದ್ದರು. ಒಂದು ದಿನ ಪಪ್ಪ ಕೆಲಸದಿಂದ ಬಂದವರೇ ನನ್ನ ಬಟ್ಟಲನ್ನು ಆಂಟಿಯೆದುರೇ ಸಿಂಕಿಗೆ ಸುರಿದರು.

"ಯಾವ ಪ್ರಾಣಿಯ ನೀರೋ ಏನೋ" ಎಂದರು. ಕನ್ನಡ ಬಾರದ ಆಂಟಿಗೂ ಆ ಮುಖ ನೋಡಿಯೇ ಎಲ್ಲ ತಿಳಿಯಿತು. ಮತ್ತೆ ಅವರು ನಮ್ಮ ಮನೆಗೆ ಬರಲಿಲ್ಲ. ಒಣಮೀನಿಲ್ಲದೆ ಪಪ್ಪನಿಗೂ ಊಟ ಸೇರುತ್ತಿರಲಿಲ್ಲ.

ಊರಿಂದ ಬಂದಿರುವ ಪಪ್ಪ ಇವತ್ತು ಎರಡನೇ ಸಲ ಬಟ್ಟಲು ಚಾಚಿದರು. "ಒಳ್ಳೆಯದಾಗಿದೆ. ಯಾರು ಕಲಿಸಿದ್ದು?"

"ನೀವು ಅವಮಾನ ಮಾಡಿದ ಆಂಟಿ" ಎಂದೆ.

ಚಾಚಿದ ಬಟ್ಟಲನ್ನು ಪಪ್ಪ ಮೆಲ್ಲಗೆ ಕೆಳಗಿಟ್ಟರು. ನಾನು ಬಡಿಸಲಿಲ್ಲ.