ಪೂರ್ತಿ ಸಾಲ ಬೇಡವೆಂದ ಹುಡುಗಿ

ನನ್ನ ಹಳೆಯ ಡೈರಿಯ ಸೆಪ್ಟೆಂಬರ್ ಒಂಬತ್ತರ ಪುಟದಲ್ಲಿ ‘ಚಿಕ್ಕಬಳ್ಳಾಪುರ, ಬ್ಯಾಂಕು’ ಎಂದಷ್ಟೇ ಇದೆ. ಪಾಸ್‌ಬುಕ್ ಎಂಟ್ರಿಗೆ ಹೋಗಿದ್ದೆ. ಸಾಲಿನಲ್ಲಿ ನನ್ನ ಮುಂದೆ ದಿಬ್ಬೂರಹಳ್ಳಿಯ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಓದಿನ ಸಾಲದ ಆ ವರ್ಷದ ಕಂತಿಗಾಗಿ ನಿಂತಿದ್ದಳು. ಶುಕ್ರವಾರದೊಳಗೆ ಫೀಸು ಕಟ್ಟದಿದ್ದರೆ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲವಂತೆ.

“ಓದೋ ವಯಸ್ಸಲ್ಲಿ ಸಾಲ ಯಾಕಮ್ಮ? ಸರ್ಕಾರ ಸ್ಕಾಲರ್‌ಶಿಪ್ ಕೊಡಲ್ವಾ?” ಎಂದು ನಾನು ಬಾಯಿ ಹಾಕಿದೆ.

“ಕೊಡುತ್ತೆ ಅಜ್ಜಿ. ಅದು ಬರೋಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತೆ. ಅಲ್ಲೀವರೆಗೂ ಕಾಲೇಜಿನೋರನ್ನ ನೀವು ಸುಮ್ನಿರಿಸ್ತೀರಾ?”

ಸುತ್ತಲಿದ್ದವರು ನಕ್ಕರು. ಬಿ.ಎ. ಓದಿ, ನಲವತ್ತು ವರ್ಷ ಮನೆಯ ಲೆಕ್ಕ ಬರೆದ ನನಗೆ ಮುಖ ಬಿಸಿಯಾಯಿತು.

ಮಂಜೂರಾದ ಪೂರ್ತಿ ಕಂತು ಕೊಡಲು ಹೊರಟ ಮ್ಯಾನೇಜರನ್ನು ಅವಳೇ ತಡೆದಳು. “ಅಷ್ಟು ಬೇಡ ಸರ್. ಸರ್ಕಾರಿ ಹಾಸ್ಟೆಲ್ಲು, ಊಟಕ್ಕೆ ಖರ್ಚಿಲ್ಲ. ಅಪ್ಪ ಗಾರೆ ಕೆಲಸ, ಅವರ ಲೇಬರ್ ಕಾರ್ಡಿಗೆ ಮಕ್ಕಳ ಓದಿಗಂತ ಕೊಡೋ ದುಡ್ಡು ಪುಸ್ತಕಕ್ಕೆ ಬಂತು. ಕಾಲೇಜಿಗೆ ಫೀಸಿನಷ್ಟೇ ಕಳಿಸಿ. ಸ್ಕಾಲರ್‌ಶಿಪ್ ಬಂದ ದಿನವೇ ಸಾಲಕ್ಕೆ ಕಟ್ತೀನಿ, ಹೋದ ವರ್ಷದ ಹಾಗೆ.”

ಮ್ಯಾನೇಜರು ಕಂಪ್ಯೂಟರಿನಲ್ಲಿ ನೋಡಿದರು. “ಹೌದಲ್ಲಮ್ಮ, ಅದೇ ದಿನ ಕಟ್ಟಿದೀಯ!” ಎಂದು ಸಹಿ ಹಾಕಿದರು.

ನಾನು ಬೆರಗಾಗಿ ನಿಂತೆ. ನಾನು ಬರೆದದ್ದೆಲ್ಲ ಆಗಿಹೋದ ಖರ್ಚು. ಹತ್ತೊಂಬತ್ತರ ಈ ಹುಡುಗಿ ಇನ್ನೂ ಬಾರದ ದುಡ್ಡಿಗೂ ದಾರಿ ಹಾಕಿಟ್ಟಿದ್ದಳು. ನಾಚಿಕೆ ಬಿಟ್ಟು ಅವಳ ಫೋನ್ ನಂಬರು ಕೇಳಿದೆ.

ಕೋರ್ಸು ಮುಗಿದಾಗ ಅವಳೇ ಫೋನ್ ಮಾಡಿ ಲೆಕ್ಕ ಒಪ್ಪಿಸಿದಳು. ಸಾಲದ ಅಸಲೆಲ್ಲ ಸ್ಕಾಲರ್‌ಶಿಪ್ಪಿನಲ್ಲೇ ತೀರಿತ್ತು. ಮೂರು ವರ್ಷಕ್ಕೆ ಮನೆಯವರ ಕೈಯಿಂದ ಹೋದದ್ದು ಇಷ್ಟೇ: ಸಾಲದ ಬಡ್ಡಿ ಏಳು ಸಾವಿರದ ಇನ್ನೂರು, ಅರ್ಜಿಗಳ ಜೆರಾಕ್ಸು, ಫೋಟೋಗಳಿಗೆ ಸಾವಿರದ ನಾನೂರು. ಜೆರಾಕ್ಸಿನದು ಜಾಸ್ತಿಯಾಯ್ತು ಅಂತ ಅವಳಿಗೆ ಇನ್ನೂ ಬೇಜಾರು.